ಬೀರಪ್ಪನ ಎಡೆಗೆ ಬಂದ ಜೆಲ್ಲಿ

ನಮ್ಮ ಮಂಜಮ್ಮತ್ತೆಯ ಬಗ್ಗೆ ಬರೆಯುವುದಾದರೆ ಮೊದಲು ಅವಳ ಬಾಯಿಯ ಬಗ್ಗೆ ಬರೆಯಬೇಕು. ಬೀದಿಯ ತಿರುವಿನಲ್ಲಿ ಮೊದಲು ಆ ಬಾಯಿ ಬರುತ್ತದೆ, ಆಮೇಲೆ ಅವಳು ಬರುತ್ತಾಳೆ. ನಾನು ಅವಳ ತಮ್ಮನ ಮಗಳು ಗೀತಾ. ಹಗರಿಬೊಮ್ಮನಹಳ್ಳಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಅತ್ತೆಯ ರವಿಕೆಗಳನ್ನೂ ನಾನೇ ಹೊಲಿಯುವುದು. ಇಷ್ಟು ವರ್ಷದಲ್ಲಿ ಒಂದನ್ನೂ ಅವಳು ಚೆನ್ನಾಗಿದೆ ಎಂದಿಲ್ಲ. ಹೋದ ಸಲ ಹಾಕಿ ನೋಡಿ, "ತೋಳು ಬಿಗಿ ಆಗೈತಿ. ಹೊಲಿಗಿ ಮಾತ್ರ ನಿನ್ನ ಬುದ್ಧಿ ಇದ್ದಂಗ ಸಡ್ಲ ಐತಿ" ಎಂದಳು. ಕೂಲಿ ಕೊಡಲು ಬಂದರೆ ನಾನು ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತು. ಹಾಗಾಗಿ ಕೊಡಲು ಬರುವುದೂ ಇಲ್ಲ.

ಅವಳನ್ನು ಕೊಟ್ಟಿದ್ದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಕಡೆಯ ಒಂದು ಊರಿಗೆ. ಅಲ್ಲಿ ಬಸ್ ನಿಲ್ದಾಣವಿದೆ, ಬಸ್ಸು ನಿಲ್ಲುವುದು ಡ್ರೈವರ್ ಮನಸ್ಸು ಮಾಡಿದರೆ. ಮಾವ ಓಬಳಪ್ಪ ವರ್ಷದ ಹೆಚ್ಚು ಕಾಲ ಹಡಗಲಿ ಕಡೆಯ ಹೊಲಗಳಲ್ಲಿ ಕುರಿ ಮಂದೆಯ ಜೊತೆ ಇರುತ್ತಾರೆ. ಸಂಸಾರ ಇಷ್ಟು ಸುಗಮವಾಗಿ ನಡೆದದ್ದಕ್ಕೆ ಅದೇ ಕಾರಣ ಎಂದು ಮಾವನೇ ಹೇಳುತ್ತಾರೆ. ಹೇಳುವುದು ಮಂದೆಯ ಹತ್ತಿರ ಇದ್ದಾಗ ಮಾತ್ರ.

ಆ ಮನೆಗೆ ಆಸ್ತಿ ಎಂದರೆ ಕುರಿ, ಒಂದಿಷ್ಟು ಹೊಲ, ಮತ್ತು ಒಂದು ಬಿದಿರಿನ ಬುಟ್ಟಿ. ಕುರಿಯ ಮೇಲೆ, ಹೊಲದ ಮೇಲೆ ಯಾರಿಗೂ ಆಸೆಯಿಲ್ಲ. ಊರಿನ ಕಣ್ಣೆಲ್ಲ ಬುಟ್ಟಿಯ ಮೇಲೆ. ಬೀರಪ್ಪನ ಹಬ್ಬ ಸೋಮವಾರ ಮತ್ತು ಮಂಗಳವಾರ. ಸೋಮವಾರ ಸಿಹಿ ಎಡೆ. ಅವತ್ತು ಊರಲ್ಲಿ ಖಂಡ ಬೇಯುವಂತಿಲ್ಲ, ಮೊಟ್ಟೆ ಒಡೆಯುವಂತಿಲ್ಲ. ಮಂಗಳವಾರ ಮರಿಗಳು ಬಲಿ ಬೀಳುತ್ತವೆ. ಅವತ್ತು ಹೋಳಿಗೆ ಉಳಿದಿದೆ ಎಂದವರನ್ನು ಹುಚ್ಚರನ್ನು ನೋಡಿದ ಹಾಗೆ ನೋಡುತ್ತಾರೆ. ಸೋಮವಾರದ ಮೊದಲ ಬುಟ್ಟಿ ನಮ್ಮ ಅತ್ತೆಯ ಮನೆಯದು. ಹೋಳಿಗೆ, ಅನ್ನ, ಗಿಣ್ಣ ತುಂಬಿದ ಬುಟ್ಟಿಯನ್ನು ಆ ಮನೆಯ ಹೆಂಗಸು ತಲೆಯ ಮೇಲೆ ಹೊತ್ತು ಡೊಳ್ಳಿನ ಹಿಂದೆ ಗುಡಿಗೆ ಹೋಗಬೇಕು. ಅವಳು ಇಳಿಸಿದ ಮೇಲೆಯೇ ಉಳಿದವರ ಬುಟ್ಟಿ. ಎಡೆಯಲ್ಲಿ ತಪ್ಪು ಮಾಡಿದ ಹೆಂಗಸು ಮತ್ತೆ ಬುಟ್ಟಿ ಮುಟ್ಟುವಂತಿಲ್ಲ. ಮನೆಯಲ್ಲಿ ಹೊರುವ ಹೆಂಗಸೇ ಇಲ್ಲವಾದರೆ ಮೊದಲ ಬುಟ್ಟಿ ಎರಡನೆಯ ಮನೆಗೆ ಹೋಗುತ್ತದೆ.

ಎರಡನೆಯ ಮನೆ ಚೌಡಣ್ಣನದು. ಮಾವನ ದಾಯಾದಿ. ಎರಡನೆಯವನಾದ ನೋವನ್ನು ಮೊದಲನೆಯವರಿಗಿಂತ ಜೋರಾಗಿ ಮಾತಾಡಿ ತೀರಿಸಿಕೊಳ್ಳುವ ಮನುಷ್ಯ. ನಮ್ಮ ಅತ್ತೆಗೆ ಜ್ವರ ಬಂದರೆ ಮೊದಲು ವಿಚಾರಿಸಲು ಬರುವವನು ಅವನೇ. ಎಷ್ಟು ಜ್ವರ ಇದೆ ಎಂದು ಸರಿಯಾಗಿ ಕೇಳಿ ತಿಳಿದುಕೊಂಡು ಹೋಗುತ್ತಾನೆ.

ಈಗ ಗಿಣ್ಣದ ಮಾತು. ಎಮ್ಮೆ ಈದ ಹೊಸತರ ಹಳದಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಇಟ್ಟರೆ ಅದು ತನ್ನಷ್ಟಕ್ಕೆ ಗಟ್ಟಿಯಾಗಿ ಕೂರುತ್ತದೆ. ಪುಡಿ ಬೇಡ, ಫ್ರಿಜ್ಜು ಬೇಡ. ಹಬ್ಬದ ಹೊತ್ತಿಗೆ ಊರಲ್ಲಿ ಯಾವುದಾದರೊಂದು ಎಮ್ಮೆ ಈದಿರಲೇಬೇಕು. ಈಯದಿದ್ದರೆ ಅದು ಬೀರಪ್ಪ ತನ್ನ ಎಡೆಗೆ ತಾನೇ ಮಾಡಿಕೊಂಡ ಅನ್ಯಾಯ ಎಂದು ಬಿಟ್ಟುಬಿಡುತ್ತಾರೆ. ಇಂಥ ಗಿಣ್ಣವನ್ನು ಅತ್ತೆ ಮದುವೆಯಾಗಿ ಬಂದ ಮೊದಲ ಹಬ್ಬದಲ್ಲಿ, ಬೆಲ್ಲ ಸರಿಯಾಗಿದೆಯೋ ಇಲ್ಲವೋ ಎಂದು ಬೆರಳ ತುದಿಯಲ್ಲಿ ನೆಕ್ಕಿ ನೋಡಿದಳು. ಅಡುಗೆ ಬಲ್ಲ ಯಾವ ಹೆಂಗಸಾದರೂ ನೋಡುವುದೇ. ಆದರೆ ಗಿಣ್ಣ ಇನ್ನೂ ದೇವರಿಗೆ ಮುಟ್ಟಿರಲಿಲ್ಲ. ಅದನ್ನು ಕಂಡವಳು ಅವಳ ಅತ್ತೆ ಗಾದೆಮ್ಮ. ಒಳಗೇ ಕರೆದು ಬೈದಿದ್ದರೆ ಮುಗಿಯುತ್ತಿತ್ತು. ಗಾದೆಮ್ಮ ಗುಡಿಯ ಮುಂದೆ ದೈವದವರೆಲ್ಲ ಕೂತಿರುವಾಗ, "ನನ್ನ ಸೊಸಿ ಎಡಿ ಎಂಜಲ ಮಾಡ್ಯಾಳ್ರಿ" ಎಂದು ಕೂಗಿ ಹೇಳಿದಳು. ದೈವದವರು ಎಂದರೆ ದೇವರಲ್ಲ, ದೇವರ ಹೆಸರಿನಲ್ಲಿ ಕೂಡಿ ಮಾತಾಡುವ ಊರ ಹಿರಿಯರು. ದೇವರಿಗಿಂತ ಇವರು ಬೇಗ ಸಿಟ್ಟಾಗುತ್ತಾರೆ.

ಅಲ್ಲಿಂದ ಮುಂದೆ ಎಷ್ಟೋ ಹಬ್ಬ ಗಾದೆಮ್ಮ ಬುಟ್ಟಿ ಹೊತ್ತು ಎಲ್ಲರಿಗಿಂತ ಮುಂದೆ, ಮಂಜಮ್ಮತ್ತೆ ಎಲ್ಲರಿಗಿಂತ ಹಿಂದೆ, ಗುಡಿಯ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ. ಬುಟ್ಟಿ ಹೊತ್ತು ಒಳಗೆ ಹೋಗುವವರು "ನಮ್ಮ ಚಪ್ಪಲಿ ನೋಡ್ಕ್ಯಬೇ ಸ್ವಲ್ಪ" ಎಂದು ಹೇಳಿ ಹೋಗುತ್ತಿದ್ದರಂತೆ. ಗಾದೆಮ್ಮ ಹಾಸಿಗೆ ಹಿಡಿದಾಗ ಚೌಡಣ್ಣನ ತಾಯಿ ತೀರಿಕೊಂಡಿದ್ದಳು, ಚೌಡಣ್ಣನಿಗೆ ಇನ್ನೂ ಮದುವೆಯಾಗಿರಲಿಲ್ಲ. ಎರಡೂ ಮನೆಯಲ್ಲಿ ಬುಟ್ಟಿ ಹೊರುವ ತಲೆ ಇಲ್ಲ. ಆಗ ದೈವದವರ ಮನಸ್ಸು ಕರಗಿತು. ಕರಗುವುದಕ್ಕೆ ಒಂದು ಮರಿ ಬೇಕಾಯಿತು, ಅದನ್ನು ಅವರೇ ತಿಂದರು. ಅತ್ತೆಯ ತಲೆಗೆ ಬುಟ್ಟಿ ಬಂತು.

ಬುಟ್ಟಿ ಬಂದರೂ ಗಿಣ್ಣ ಬಾಯಿಗೆ ಬರಲಿಲ್ಲ. ಅವತ್ತಿನ ಬೆರಳ ತುದಿಯೇ ಕೊನೆ, ಅತ್ತೆ ಗಿಣ್ಣ ತಿನ್ನುವುದನ್ನು ಬಿಟ್ಟಳು. ಪ್ರತಿ ಹಬ್ಬಕ್ಕೂ ಅವಳೇ ಮಾಡುತ್ತಾಳೆ, ಊರಿಗೆಲ್ಲ ಹಂಚುತ್ತಾಳೆ, ನಾಲಿಗೆಗೆ ಮಾತ್ರ ಮುಟ್ಟಿಸುವುದಿಲ್ಲ. "ನಂಗ ಸೇರಂಗಿಲ್ಲ" ಎನ್ನುತ್ತಾಳೆ. ಅವಳ ಗಿಣ್ಣಕ್ಕೆ ಯಾವಾಗಲೂ ಬೆಲ್ಲ ಕಡಿಮೆ. ಅದನ್ನು ಅವಳ ಮುಂದೆ ಹೇಳುವ ಗಂಡಸು ಆ ಊರಲ್ಲಿ ಹುಟ್ಟಿಲ್ಲ. ಹೆಂಗಸೂ ಹುಟ್ಟಿಲ್ಲ. ನಾನಂತೂ ಬೇರೆ ಊರಿನವಳು.

ಇನ್ನು ಜೆಲ್ಲಿ. ಅದನ್ನು ನಾವೆಲ್ಲ ಮೊದಲು ಕಂಡದ್ದು ಹಡಗಲಿಯ ಒಂದು ಕಲ್ಯಾಣಮಂಟಪದಲ್ಲಿ, ನೆಂಟರ ಮದುವೆಯ ರಿಸೆಪ್ಷನ್ನಿಗೆ ಹೋದಾಗ. ಬಾಗಿಲಲ್ಲೇ ಗಾಜಿನ ದೊಡ್ಡ ಬೋಗುಣಿ, ಅದರಲ್ಲಿ ಕೆಂಪು ನೀರು, ಮೇಲೆ ಸೇಬು, ಅನಾನಸು, ಇನ್ನೇನೋ ಚೂರುಗಳು ತೇಲುತ್ತಿದ್ದವು. ಕೋಟು ಹಾಕಿಕೊಂಡವನೊಬ್ಬ "ಪಂಚ್ ತಗೊಳ್ಳಿ ಮೇಡಂ" ಎಂದ. ಅತ್ತೆ ಬೋಗುಣಿಯೊಳಗೆ ಬಗ್ಗಿ ನೋಡಿ, "ಅಲ್ಲಪಾ, ಉಣ್ಣಾಕ ಕರದು ಬಾಗಲದಾಗ ಕಲಗಚ್ಚು ಕುಡಸ್ತೀರೇನು?" ಎಂದಳು. ಕೋಟಿನವನು ನಕ್ಕ. ಕಲಗಚ್ಚು ಎಂದರೆ ದನಕ್ಕಿಡುವ ನೀರು ಎಂದು ತಿಳಿಯದ ಊರಿನವನಿರಬೇಕು.

ಊಟದ ಕೊನೆಗೆ ಬಟ್ಟಲಲ್ಲಿ ಜೆಲ್ಲಿ ಬಂತು. ಹೊಳಲಿನ ಅನಂತಶಯನನ ಹಾಗೆ ನಿಶ್ಚಿಂತೆಯಿಂದ ಮಲಗಿತ್ತು, ಮುಟ್ಟಿದರೆ ಮಾತ್ರ ನಡುಗುತ್ತಿತ್ತು. ಅತ್ತೆ ಚಮಚದಿಂದ ತಿವಿದು, ಒಂದು ಚೂರು ಬಾಯಿಗೆ ಹಾಕಿಕೊಂಡು, ಇಡೀ ಸಾಲಿಗೆ ಕೇಳುವಂತೆ ಹೇಳಿದಳು: "ಇದು ತಣ್ಣಗಾದ ಕಾಲು ಸೂಪು. ಸಕ್ರಿ ಹಾಕಿ ಬಣ್ಣ ಹಚ್ಯಾರ, ಅಷ್ಟ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಎದುರು ಸಾಲಿನಲ್ಲಿ ಕೂತಿದ್ದ ಚೌಡಣ್ಣ.

ಅತ್ತೆ ಆಡಿದ್ದು ಬರೀ ಕುಹಕವಲ್ಲ. ಕುರಿ ಸಾಕುವ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಚಳಿಗಾಲದಲ್ಲಿ ಕಾಲು ಸೂಪು ಮಾಡಿ ಮುಚ್ಚಿಟ್ಟರೆ ಬೆಳಿಗ್ಗೆ ಗಡಿಗೆಯಲ್ಲಿ ಗಟ್ಟಿಯಾಗಿರುತ್ತದೆ. ಸಣ್ಣವಳಿದ್ದಾಗ ನಾನು ರಜೆಗೆ ಹೋದರೆ ಅತ್ತೆ ಅದನ್ನು ಕತ್ತರಿಸಿ ಜೋಳದ ರೊಟ್ಟಿಯ ಮೇಲೆ ಇಡುತ್ತಿದ್ದಳು. ಬಿಸಿ ರೊಟ್ಟಿಗೆ ಅದು ಕರಗಿ ಅಂಚಿನಿಂದ ಇಳಿಯುವುದರೊಳಗೆ ತಿನ್ನಬೇಕು, ಇಲ್ಲದಿದ್ದರೆ ಲಂಗ ಹಾಳು. ಆಮೇಲೆ ಎಲ್ಲೋ ಓದಿದೆ, ಯುರೋಪಿನ ರಾಜರ ಅಡುಗೆಮನೆಗಳಲ್ಲೂ ಕರುವಿನ ಕಾಲುಗಳನ್ನು ದಿನವಿಡೀ ಕುದಿಸಿ, ಸೋಸಿ, ಸಕ್ಕರೆ ಹಾಕಿ, ಅಚ್ಚಿಗೆ ಹೊಯ್ದು ದೊಡ್ಡವರಿಗೆ ಬಡಿಸುತ್ತಿದ್ದರಂತೆ. ಅಷ್ಟು ಹೊತ್ತು ಒಲೆ ಉರಿಸುವ ತಾಕತ್ತು ಬಡವರಿಗಿರಲಿಲ್ಲ, ಹಾಗಾಗಿ ನಡುಗುವ ತಿಂಡಿ ದೊಡ್ಡಸ್ತಿಕೆಯ ಗುರುತಾಯಿತು. ಮುಂದೆ ಯಾರೋ ಅದನ್ನು ಪುಡಿ ಮಾಡಿ ಪೊಟ್ಟಣಕ್ಕೆ ತುಂಬಿದರು. ರಾಜರ ಕಾಲು ಸೂಪು ಹಡಗಲಿಯ ಮಂಟಪಕ್ಕೆ ಬಂದದ್ದು ಹೀಗೆ.

ಪಂಚ್ ಕಥೆ ಇನ್ನೂ ಸೊಗಸು. ಆ ಹೆಸರು ನಮ್ಮ ಕಡೆಯ ಐದು ಎಂಬ ಲೆಕ್ಕದಿಂದಲೇ ಹೋದದ್ದು ಎನ್ನುವವರಿದ್ದಾರೆ. ನಿಂಬೆಹಣ್ಣು, ಸಕ್ಕರೆ, ಮಸಾಲೆ, ನೀರು, ಐದನೆಯದು ಸಾರಾಯಿ. ಇಂಗ್ಲಿಷರು ನಮ್ಮ ಪಾನಕಕ್ಕೆ ಸಾರಾಯಿ ಸುರಿದು ಹಡಗಿನಲ್ಲಿ ಒಯ್ದರು. ನಾವು ಸಾರಾಯಿ ತೆಗೆದು, ಬಣ್ಣ ಹಾಕಿ, ಬೋಗುಣಿ ಕೊಂಡು, ಕೋಟಿನವನನ್ನು ನಿಲ್ಲಿಸಿ ವಾಪಸ್ ತಂದುಕೊಂಡೆವು. ಇಷ್ಟು ತಿರುಗಾಡಿದ ಪಾನಕಕ್ಕೆ ಸ್ವಲ್ಪ ಗತ್ತು ಬಂದರೆ ತಪ್ಪೇನು?

ಈ ಪಂಚು, ಈ ಜೆಲ್ಲಿ ಎರಡನ್ನೂ ಅತ್ತೆಯ ಮನೆಯೊಳಗೆ ತಂದವಳು ಅವಳ ಸೊಸೆ ಕೀರ್ತನಾ. ಮಗ ಬೀರಲಿಂಗೇಶನಿಗೆ ಹರಪನಹಳ್ಳಿಯಿಂದ ತಂದ ಹೆಣ್ಣು. ಡಿಗ್ರಿ ಓದಿದವಳು, ಮೆತ್ತಗೆ ಮಾತಾಡುವವಳು, ಅಡುಗೆಯನ್ನು ತಾಯಿಗಿಂತ ಮೊಬೈಲಿನಿಂದ ಹೆಚ್ಚು ಕಲಿತವಳು. ಬಂದ ಹೊಸತರಲ್ಲೇ ನಿಂಬೆ ರಸ, ಕೆಂಪು ಶರಬತ್ತು, ಸೋಡಾ ಬೆರೆಸಿ, ದಾಳಿಂಬೆ ಕಾಳು ಉದುರಿಸಿ ಮನೆಯವರಿಗೆಲ್ಲ ಕೊಟ್ಟಳು. ಮಂದೆಯಿಂದ ಬಂದಿದ್ದ ಮಾವ ಒಂದೇ ಉಸಿರಿಗೆ ಕುಡಿದು, "ಚಲೋ ಐತವ್ವ. ಮಜ್ಜಿಗಿ ಇದರಾಗ ಯಾವಾಗ ಹಾಕ್ತಿ?" ಎಂದು ಕೇಳಿದರು. ಅತ್ತೆ ಲೋಟವನ್ನು ಬೆಳಕಿಗೆ ಹಿಡಿದು, "ಕೀರ್ತನಾ, ಇದನ್ನ ಕುಡಿಬೇಕೋ, ಸೀರಿ ಅದ್ದಬೇಕೋ?" ಎಂದಳು.

"ಕುಡುದು ನೋಡ್ರಿ ಅತ್ತೆ, ಬೇಡಾದ್ರೆ ಸೀರೆ ಅದ್ದಿ" ಎಂದಳು ಕೀರ್ತನಾ, ಮೆತ್ತಗೆ.

ನಾನು ಅಲ್ಲೇ ಇದ್ದೆ. ಅತ್ತೆ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದಳು. ತನಗೆ ತಕ್ಕವಳು ಬಂದಳು ಎನ್ನುವ ಖುಷಿ ಆ ನೋಟದಲ್ಲಿ ಇತ್ತು ಎಂದು ನಾನು ಹೇಳಿದರೆ ಅತ್ತೆ ಇವತ್ತಿಗೂ ಒಪ್ಪುವುದಿಲ್ಲ. ಆಮೇಲೆ ದಿನವೂ ಇಬ್ಬರ ನಡುವೆ ಇದೇ ನಡೆಯಿತು. ಸೊಸೆ ಮಾಡುವುದು, ಅತ್ತೆ ಹೆಸರಿಡುವುದು. ಕಸ್ಟರ್ಡಿಗೆ ಹಲ್ಲಿಲ್ಲದವರ ಗಂಜಿ, ಪುಡಿಂಗಿಗೆ ಮೈಗಳ್ಳರ ಗಿಣ್ಣ. ಬೈದದ್ದು ಎಷ್ಟೇ ಇರಲಿ, ಬಟ್ಟಲು ಮಾತ್ರ ತೊಳೆದಷ್ಟು ಚೊಕ್ಕಟವಾಗಿ ವಾಪಸ್ ಹೋಗುತ್ತಿತ್ತು.

ಹೀಗಿರುವಾಗ ಕೀರ್ತನಾಳ ಮೊದಲ ಬೀರಪ್ಪನ ಹಬ್ಬ ಬಂತು. ಡೊಳ್ಳಿನವರಿಗೆ ಪಾನಕ ಕೊಡುವುದು ಮೊದಲ ಬುಟ್ಟಿಯ ಮನೆಯ ಕೆಲಸ. ಆ ಹೊತ್ತಿಗೆ ಅತ್ತೆಯ ಮೊಣಕಾಲು ಕೈಕೊಟ್ಟಿತ್ತು. ಒಲೆಯ ಮುಂದೆ ಕೂತರೆ ಏಳಲು ಗೋಡೆ ಬೇಕು, ಎದ್ದರೆ ಕೂರಲು ಗೋಡೆ ಬೇಕು.

"ಅತ್ತೆ, ಪಾನಕದ ಬದಲು ಪಂಚ್ ಮಾಡ್ತೀನಿ. ಊಟಕ್ಕೆ ಎಲ್ರಿಗೂ ಒಂದೊಂದು ಕಪ್ ಜೆಲ್ಲಿ" ಎಂದಳು ಕೀರ್ತನಾ.

"ಮಾಡು. ಊರಾಗ ನಗಾಕ ಏನಾರ ಒಂದು ಬೇಕಲ್ಲ" ಎಂದಳು ಅತ್ತೆ. ಆ ಮನೆಯಲ್ಲಿ ಒಪ್ಪಿಗೆ ಎಂದರೆ ಇದೇ.

ಜೆಲ್ಲಿ ಪುಡಿಯನ್ನು ಕೀರ್ತನಾ ತವರಿಗೆ ಹೋದಾಗ ಬೇಕರಿ ಸಾಮಾನಿನ ಅಂಗಡಿಯಿಂದ ತಂದಳು. ಮನೆಯಲ್ಲಿ ಫ್ರಿಜ್ಜಿಲ್ಲ. ಕೊಟ್ಟೂರಿನ ಪರಿಚಯದವರ ಐಸ್‌ಕ್ರೀಮ್ ಅಂಗಡಿಯಲ್ಲಿಟ್ಟು ಗಟ್ಟಿ ಮಾಡಿಸಿ, ಬೀರಲಿಂಗೇಶ ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಬಂದ. ಬಿಸಿಲಿಗೆ ಕರಗದಿರಲಿ ಎಂದು ಡಬ್ಬಿಯ ಸುತ್ತ ಕರಿ ಕಂಬಳಿ ಸುತ್ತಿದ್ದ. ಕಂಬಳಿ ಹೊದ್ದ ಜೆಲ್ಲಿಯನ್ನು ನೋಡಿದ ಮೊದಲ ಊರು ಅದೇ ಇರಬೇಕು. ಒಂದು ಕಪ್ಪನ್ನು ಕೀರ್ತನಾ ಬುಟ್ಟಿಯಲ್ಲಿ ಹೋಳಿಗೆಯ ಪಕ್ಕ ಇಟ್ಟು ಅತ್ತೆಯ ಕಡೆ ನೋಡಿದಳು. "ಇರ್ಲಿ ಬಿಡು, ಬೀರಪ್ಪನೂ ಒಂದೀಟು ನಗ್ಲಿ" ಎಂದಳು ಅತ್ತೆ.

ಬುಟ್ಟಿ ಹೊರಟಿತು. ಊರ ಅಗಸಿ ಬಾಗಿಲ ಹತ್ತಿರ ಅತ್ತೆಯ ಕಾಲು ಒಂದು ಸಲ ಮಡಚಿತು, ಹಿಂದೆ ಇದ್ದ ಕೀರ್ತನಾ ಸೊಂಟ ಹಿಡಿದು ನಿಲ್ಲಿಸಿದಳು. ಬುಟ್ಟಿ ಬೀಳಲಿಲ್ಲ. ಚೌಡಣ್ಣನ ಹೆಂಡತಿ ಅನ್ನದಾನಮ್ಮ ಎರಡನೆಯ ಬುಟ್ಟಿ ಹೊತ್ತು ಹಿಂದೆಯೇ ಇದ್ದಳು, ಪಕ್ಕದಲ್ಲಿ ಚೌಡಣ್ಣ. ಅಯ್ಯೋ ಎಂದನೇ ಹೊರತು ಕೈ ಚಾಚಲಿಲ್ಲ.

ಗುಡಿಯ ಮುಂದೆ ಡೊಳ್ಳಿನವರು ಪಂಚ್ ಕುಡಿದರು. ಪಾನಕ ಕುಡಿದು ಹಾಡಿದ ಗಂಟಲುಗಳಿಗೆ ಸೋಡಾದ ಅಭ್ಯಾಸವಿಲ್ಲ. ಬೀರಪ್ಪ ಹುಟ್ಟಿದ ಕಥೆಯನ್ನು ಹಾಡುತ್ತಿದ್ದ ಮುಂದಾಳು, ಮಗು ಅಳುವ ಜಾಗಕ್ಕೆ ಬಂದಾಗ ಮೈಕಿನಲ್ಲಿ ದೊಡ್ಡದೊಂದು ತೇಗು ತೇಗಿದ. ಮಗು ತಾಯಿಯ ಹಾಲು ಕುಡಿದು ತೇಗಿತು ಎಂದು ಅಲ್ಲೇ ಸೇರಿಸಿ ಹಾಡಿ ಮಾನ ಉಳಿಸಿಕೊಂಡ. ಒಳಗೆ ಡೊಳ್ಳಿನ ಪೆಟ್ಟಿಗೆ ದೇವರ ಮುಂದಿನ ಕಪ್ಪಿನಲ್ಲಿ ಜೆಲ್ಲಿ ಗಡಗಡ ನಡುಗತೊಡಗಿತು. ಯಾರೂ ಮುಟ್ಟಿರಲಿಲ್ಲ. ಪೂಜಾರಿ ಜೋಗಪ್ಪ ಅದನ್ನು ಕಂಡು ಕೈ ಮುಗಿದರು. ಹಿಂದೆ ನಿಂತವರೆಲ್ಲ ಕೈ ಮುಗಿದರು. ಚೌಡಣ್ಣ ಅಡ್ಡ ಬಿದ್ದ.

ಊಟಕ್ಕೆ ಕೂತವರೆಲ್ಲ ಜೆಲ್ಲಿ ತಿಂದರು. ಚೌಡಣ್ಣ ತನ್ನದನ್ನು ತಿಂದು, ಹೆಂಡತಿಗೆ ಸಿಹಿ ಆಗದು ಎಂದು ಅವಳದನ್ನೂ ತಿಂದು, ಕಪ್ಪಿನ ಅಂಚನ್ನು ಬೆರಳಿನಿಂದ ಬಳಿದ.

ಹಬ್ಬ ಮುಗಿದು ಮರಿಗಳೆಲ್ಲ ಜೀರ್ಣವಾದ ಮೇಲೆ ಚೌಡಣ್ಣನ ಮಗ ಭೀಮೇಶ್ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಜೆಲ್ಲಿ ಮಾಡುವ ಪುಡಿ ಪ್ರಾಣಿಗಳ ಮೂಳೆ, ಚರ್ಮ ಕುದಿಸಿ ತೆಗೆಯುವುದು ಎಂದು ಅದರಲ್ಲಿ ಇತ್ತು. ಯಾವ ಪ್ರಾಣಿ ಎಂದು ಹೇಳಿರಲಿಲ್ಲ, ಅಷ್ಟರಮಟ್ಟಿಗೆ ನಮ್ಮ ಪುಣ್ಯ. ವಿಡಿಯೋ ಸಂಜೆಯೊಳಗೆ ಊರೆಲ್ಲ ತಿರುಗಿತು. ಸೋಮವಾರದ ಸಿಹಿ ಎಡೆಗೆ ಮೂಳೆ ಬಂದಿದೆ! ಮಂಗಳವಾರ ಅದೇ ಜಾಗದಲ್ಲಿ ಕೂತು ತಲೆಬುರುಡೆ ಚೀಪಿದ ಬಾಯಿಗಳೆಲ್ಲ ಹೌಹಾರಿದವು. ಕೆಲವರಿಗೆ ವಾಂತಿ ಬಂದ ಹಾಗಾಯಿತಂತೆ, ತಿಂದು ಅಷ್ಟು ದಿನವಾದ ಮೇಲೆ.

ಸುದ್ದಿ ಕೇಳಿ ನಾನು ಅಂಗಡಿ ಮುಚ್ಚಿ ಹೊರಟು ಬಂದೆ. ಅಡುಗೆಮನೆಯಲ್ಲಿ ಕೀರ್ತನಾ ಮೂಲೆಗೆ ಕೂತು ಅಳುತ್ತಿದ್ದಳು.

"ಪಾಕೀಟಿನ ಮ್ಯಾಲೆ ಮಾಂಸದ್ದಕ್ಕೆ ಹಾಕೋ ಕಂದು ಚುಕ್ಕಿ ಇತ್ತು ಅತ್ತೆ. ನಾನು ನೋಡೀನಿ. ಚಾಕೊಲೇಟ್ ಫ್ಲೇವರ್ ಇರಬೇಕು ಅನ್ಕಂಡೆ."

"ಡಿಗ್ರಿ ಓದೀಯಲ್ಲ, ಅದಕ್ಕ" ಎಂದಳು ಅತ್ತೆ. "ಪಾಕೀಟು ಎಲ್ಲೈತಿ?"

"ಒಲೆಗೆ ಹಾಕಿದೆ."

"ಅದೊಂದು ಚಲೋ ಕೆಲಸ ಮಾಡೀದಿ." ಅಷ್ಟು ಹೇಳಿ ಅತ್ತೆ ಗೋಡೆ ಹಿಡಿದು ಎದ್ದಳು. ಮುಖ ತೊಳೆದುಕೊಂಡಳು. ನಾನು ಹೊಲಿದ ರವಿಕೆಗಳಲ್ಲಿ ಹೊಸದನ್ನು ಹಾಕಿಕೊಂಡಳು. ತೋಳು ಬಿಗಿಯಾಗಿದೆ ಎಂದು ಆಗಲೂ ಅಂದಳು.

ಗುಡಿಯ ಕಟ್ಟೆಯ ಮೇಲೆ ದೈವ ಕೂಡಿತ್ತು. ನಡುವೆ ಜೋಗಪ್ಪ. ಚೌಡಣ್ಣ ಜೋರು ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಅವತ್ತು ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಮಾತಾಡಿದ.

"ಯಾರೂ ಬೈಯೋದು ಬ್ಯಾಡ್ರಿ. ಪಾಪ, ಹೊಸ ಹುಡುಗಿ. ಪ್ಯಾಟಿ ಕಡಿಯಾಕಿ. ಗೊತ್ತಾಗದ ಮಾಡ್ಯಾಳ. ತಪ್ಪು ಕಾಣಿಕಿ ಅದು ಇದು ಏನೂ ಬ್ಯಾಡ. ಮುಂದ ಬುಟ್ಟಿ ಮುಟ್ಟೋದು ಬ್ಯಾಡ, ಅಷ್ಟ." ಆಮೇಲೆ ಅತ್ತೆಯ ಕಡೆ ತಿರುಗಿ, "ಅತ್ತಿಗಿ ಮೊಣಕಾಲು ನಾವೆಲ್ಲ ನೋಡೀವಿ. ಆಕಿ ಕೈಲಾಗೋತನಕ ಹೊರ್ಲಿ. ಆಮ್ಯಾಲೆ ಆ ಮನಿಗೆ ಭಾರ ಆಗಬಾರದು. ನಾವಿಲ್ಲೇನು?" ಎಂದ.

ಕಟ್ಟೆಯ ಮೇಲೆ ತಲೆಗಳು ಆಡಿದವು. ಎಷ್ಟು ದೊಡ್ಡ ಮನಸ್ಸು ಎಂದು ಒಬ್ಬರು ಅಂದೂ ಬಿಟ್ಟರು. ಅತ್ತೆಯ ಕಾಲು ಇನ್ನೊಂದು ಹಬ್ಬಕ್ಕೆ ಬರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೀರ್ತನಾ ತಲೆ ತಗ್ಗಿಸಿ, ಚಪ್ಪಲಿಗಳ ನಡುವೆ ನಿಂತಿದ್ದಳು. ಅವಳನ್ನು ಅಲ್ಲಿ ನಿಲ್ಲಿಸಿದ್ದು ಯಾರೋ ಏನೋ. ಅತ್ತೆ ಆ ಜಾಗವನ್ನು ನೋಡಿದಳು, ಸೊಸೆಯನ್ನು ನೋಡಿದಳು.

"ಜೆಲ್ಲಿ ಮಾಡಿದಾಕಿ ನಾನು" ಎಂದಳು ಅತ್ತೆ.

ಚೌಡಣ್ಣ ನಕ್ಕ. "ಅತ್ತಿಗಿ, ನಿನಗ ಮೊಬೈಲ್ ಹಿಡಿಯಾಕ ಬರಂಗಿಲ್ಲ. ನೀನು ಜೆಲ್ಲಿ ಮಾಡ್ತೀ?"

"ಕಾಲು ಸೂಪು ಮಾಡಾಕ ಮೊಬೈಲ್ ಯಾಕ ಬೇಕು? ಹಡಗಲಿ ಮದುವ್ಯಾಗ ನಾನು ಏನಂದೆ? ಇದು ಕಾಲು ಸೂಪು, ಸಕ್ರಿ ಹಾಕ್ಯಾರ ಅಂದೆ. ನೀವೆಲ್ಲ ಸಾಲಿನಾಗ ಕುಂತಿದ್ರಿ. ಚೌಡಣ್ಣ, ನೀನು ಬಿದ್ದು ಬಿದ್ದು ನಕ್ಕಿದ್ದಿ. ಅದರಾಗ ಏನೈತಿ ಅಂತ ಈ ಊರಾಗ ಗೊತ್ತಿದ್ದಾಕಿ ನಾನೊಬ್ಬಾಕಿ. ಗೊತ್ತಿದ್ದೂ ಬುಟ್ಟಿಗೆ ಇಟ್ಟಾಕಿ ನಾನು. ಹೊತ್ತಾಕಿ ನಾನು. ಈ ಹುಡುಗಿ ನಾನು ಹೇಳಿದ್ದು ಕಲಸ್ಯಾಳ, ಅಷ್ಟ. ತಪ್ಪು ಯಾರದು, ನೀವ ಹೇಳ್ರಿ."

ಸಾಲಿನಲ್ಲಿ ಕೂತು ನಕ್ಕವರು ಅಲ್ಲಿ ಬಹಳ ಜನ ಇದ್ದರು. ಚೌಡಣ್ಣ ಬಾಯಿ ತೆರೆದ. ತಾನು ನಕ್ಕೇ ಇರಲಿಲ್ಲ ಎನ್ನುವುದೋ, ಅತ್ತಿಗೆ ಸುಳ್ಳು ಹೇಳುತ್ತಾಳೆ ಎನ್ನುವುದೋ ಎಂದು ಗೊತ್ತಾಗದೆ ಮುಚ್ಚಿದ.

ಜೋಗಪ್ಪ ಗಂಟಲು ಸರಿ ಮಾಡಿಕೊಂಡರು. "ತಪ್ಪು ಮಾಡಿದಾಕಿ ಬುಟ್ಟಿ ಮುಟ್ಟಂಗಿಲ್ಲ. ಇದು ಹಿಂದಿನಿಂದ ಬಂದದ್ದು. ಮಂಜಮ್ಮ ಇನ್ನ ಬುಟ್ಟಿ ಮುಟ್ಟಬಾರದು. ಮುಂದಿನ ಹಬ್ಬದಿಂದ ಅದ ಮನಿ ಸೊಸಿ ಹೊರ್ಲಿ."

ಅಂದರೆ ಜೆಲ್ಲಿ ಮಾಡಿದವಳನ್ನು ಹುಡುಕಿ, ವಿಚಾರಿಸಿ, ದೈವದವರೆಲ್ಲ ಕೂಡಿ ಅವಳ ತಲೆಯ ಮೇಲೆಯೇ ಬೀರಪ್ಪನ ಮೊದಲ ಎಡೆ ಇಟ್ಟರು. ನ್ಯಾಯ ಎಂದರೆ ಹೀಗಿರಬೇಕು. ಜೋಗಪ್ಪನಿಗೆ ಒಳಗಿನದು ಗೊತ್ತಾಗಿತ್ತೋ ಇಲ್ಲವೋ ನನಗೆ ತಿಳಿಯದು. ನಡುಗಿದ ಜೆಲ್ಲಿಗೆ ಮೊದಲು ಕೈ ಮುಗಿದವರು ತಾವೇ ಎಂಬುದು ಮಾತ್ರ ಅವರಿಗೆ ನೆನಪಿದ್ದಿರಬೇಕು.

ಮನೆಗೆ ಬಂದು ಅತ್ತೆ ಬುಟ್ಟಿಯನ್ನು ಗೂಟದಿಂದ ಇಳಿಸಲು ಕೈ ಎತ್ತಿದಳು. ಇನ್ನು ಮುಟ್ಟುವಂತಿಲ್ಲ ಎಂದು ಆಗ ನೆನಪಾಯಿತು. ಎತ್ತಿದ ಕೈಯಲ್ಲೇ ಸೆರಗು ಹಿಡಿದುಕೊಂಡು ಅತ್ತಳು. ಮಂಜಮ್ಮತ್ತೆ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನನಗೂ ತಡೆಯಲಾಗಲಿಲ್ಲ. ಅವಳಿಗೆ ಚಿನ್ನವಿರಲಿಲ್ಲ, ಊರಲ್ಲಿ ಅವಳನ್ನು ಯಾರೂ ಹೊಗಳಿರಲಿಲ್ಲ. ವರ್ಷಕ್ಕೊಂದು ದಿನ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು, ಅಷ್ಟೇ ಇದ್ದದ್ದು.

ಕೀರ್ತನಾ ಬಾಗಿಲ ಕಡೆ ಹೊರಟಳು. "ನಾನು ಹೋಗಿ ನಿಜ ಹೇಳ್ತೀನಿ."

"ಹೇಳು. ಬುಟ್ಟಿ ಚೌಡಣ್ಣನ ಮನಿಗೆ ನೀನ ಹೊತ್ತು ಮುಟ್ಟಿಸಿ ಬಾ" ಎಂದಳು ಅತ್ತೆ, ಮೂಗು ಒರೆಸಿಕೊಳ್ಳುತ್ತ. "ಕುಂದ್ರಬೇ ಸುಮ್ನ. ಆ ಚಪ್ಪಲಿ ಜಾಗ ನಂಗ ರೂಢಿ ಐತಿ. ನಿನಗ್ಯಾಕ ಅದು?"

ಕೀರ್ತನಾ ಕೂತಳು. ಅತ್ತೆಯ ಕಾಲ ಹತ್ತಿರ ಕೂತು, ಆ ಮೊಣಕಾಲಿಗೆ ಎಣ್ಣೆ ತಿಕ್ಕಲು ಶುರು ಮಾಡಿದಳು. "ಮೆತ್ತಗ ತಿಕ್ಕು, ಹಿಟ್ಟು ನಾದಿದಂಗ ನಾದಬ್ಯಾಡ" ಎಂದು ಅತ್ತೆ ಬೈದಳು. ಆಗ ನನಗೆ ಸ್ವಲ್ಪ ಸಮಾಧಾನವಾಯಿತು.

ಮುಂದಿನ ಹಬ್ಬಕ್ಕೆ ನಾನು ಕೀರ್ತನಾಳಿಗೆ ರವಿಕೆ ಹೊಲಿದುಕೊಂಡು ಹೋದೆ. ಅದು ಅಳತೆಗೆ ಸರಿಯಾಗಿತ್ತು, ಹಾಗಾಗಿ ಅತ್ತೆ ಬಣ್ಣ ಚೆನ್ನಾಗಿಲ್ಲ ಎಂದಳು. ಗಿಣ್ಣದ ಹಾಲು ಬಂದಿತ್ತು. ಬೆಲ್ಲ ಹಾಕಿದವಳು ಅತ್ತೆಯೇ, ಎಂದಿನ ಕೈಯಳತೆಯಲ್ಲಿ. ಬುಟ್ಟಿಯನ್ನಷ್ಟೇ ಮುಟ್ಟಬಾರದು, ಒಲೆಯ ಮುಂದೆ ಬೇಯುವುದಕ್ಕೆ ಯಾವ ದೈವವೂ ಅಡ್ಡ ಬಂದಿರಲಿಲ್ಲ. ಅತ್ತೆ ನೀರಿಗೆ ಹೊರಗೆ ಹೋದಾಗ ಕೀರ್ತನಾ ನನ್ನನ್ನು ಕೇಳಿದಳು: "ಗೀತಕ್ಕ, ಅತ್ತೆ ಯಾಕೆ ಗಿಣ್ಣ ತಿನ್ನಲ್ಲ?" ನಾನು ಗಾದೆಮ್ಮನ ಕಥೆ ಹೇಳಿದೆ. ಅವಳು ಹಬೆಯ ಪಾತ್ರೆಯ ಮುಚ್ಚಳವನ್ನೇ ನೋಡುತ್ತ ಕೂತಳು.

ಡೊಳ್ಳು ಎದ್ದಿತು. ಕೀರ್ತನಾ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಮುಂದೆ ನಡೆದಳು. ಬುಟ್ಟಿಯ ಅಂಚು ಸಣ್ಣಗೆ ಅಲುಗುತ್ತಿತ್ತು. ಜನರ ಹಿಂದಿನಿಂದ ಅತ್ತೆಯ ಧ್ವನಿ ಡೊಳ್ಳನ್ನು ದಾಟಿ ಬಂತು: "ಯಾಕ ಹಂಗ ನಡಗ್ತಿ? ನಿನ್ನ ಜೆಲ್ಲಿ ನೋಡಿ ಕಲ್ತೇನು?" ಕೀರ್ತನಾಳ ಭುಜ ನಗುವಿಗೆ ಕುಲುಕಿತು, ಆಮೇಲೆ ಬುಟ್ಟಿ ನೆಟ್ಟಗೆ ನಿಂತಿತು.

ಗುಡಿ ಬಂದಾಗ ಅತ್ತೆ ಯಾರೂ ಹೇಳುವ ಮೊದಲೇ ಚಪ್ಪಲಿಗಳ ಹತ್ತಿರ ಹೋಗಿ ನಿಂತಳು. ಈ ಸಲ ಡೊಳ್ಳಿನವರಿಗೆ ಬೆಲ್ಲದ ಪಾನಕ. "ಆ ಕೆಂಪಂದು ಇಲ್ಲೇನು?" ಎಂದು ಒಬ್ಬೊಬ್ಬರೇ ಬಂದು ಮೆಲ್ಲಗೆ ಕೇಳಿ ಹೋದರು. ಚೌಡಣ್ಣ ಕೇಳಲಿಲ್ಲ, ಹಂಡೆಯೊಳಗೆ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ.

ಎಡೆ ದೇವರಿಗೆ ಮುಟ್ಟಿತು. ಬುಟ್ಟಿ ಹೊತ್ತವಳಿಗೆ ಎಡೆಯ ಮೊದಲ ಪ್ರಸಾದ ಕೊಡುವುದು ಪದ್ಧತಿ. ತನ್ನ ಕಾಲದಲ್ಲಿ ಅತ್ತೆ ಹೋಳಿಗೆಯ ಚೂರು ಮುರಿದುಕೊಂಡು ಗಿಣ್ಣವನ್ನು ಬಿಡುತ್ತಿದ್ದಳು. ಕೀರ್ತನಾ ಹೋಳಿಗೆ ಬಿಟ್ಟು, ಎಲೆಯ ದೊನ್ನೆಗೆ ಗಿಣ್ಣ ಹಾಕಿಸಿಕೊಂಡಳು. ಅದನ್ನು ಬಾಯಿಗಿಡದೆ ಮೆಟ್ಟಿಲಿಳಿದು, ಜನರ ನಡುವೆ ದಾರಿ ಮಾಡಿಕೊಂಡು ಚಪ್ಪಲಿಗಳ ಕಡೆ ನಡೆದಳು.

"ಏ ಹುಡುಗಿ, ತಪ್ಪು ಮಾಡಿದಾಕಿಗೆ ಮೊದಲ ಪ್ರಸಾದ ಕೊಡ್ತಾರೇನು?" ಎಂದ ಚೌಡಣ್ಣ. ಬೆಣ್ಣೆ ಅಷ್ಟರಲ್ಲಿ ಕರಗಿ ಹೋಗಿತ್ತು.

ಕೀರ್ತನಾ ತಿರುಗಿ ನಿಂತಳು. "ಬುಟ್ಟಿ ಮುಟ್ಟಬಾರದು ಅಂದ್ರಿ ಮಾವ, ಮುಟ್ಟಿಲ್ಲ. ಗಿಣ್ಣ ತಿನ್ನಬಾರದು ಅಂತ ಯಾರೂ ಹೇಳಿಲ್ಲ. ಈಗ ದೇವ್ರಿಗೂ ಮುಟ್ಟೈತೆ." ಮೆತ್ತಗೇ ಹೇಳಿದಳು. ಜೋಗಪ್ಪ ಗುಡಿಯೊಳಗಿನಿಂದ ಹೂಂ ಎಂದರು.

ಅವಳು ಒಂದು ತುಣುಕು ಗಿಣ್ಣ ತೆಗೆದು ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ಅತ್ತೆ ಮುಖ ತಿರುಗಿಸಿದಳು. "ನಂಗ ಸೇರಂಗಿಲ್ಲ ಅಂತ ಗೊತ್ತಿಲ್ಲೇನು?" ಎಂದಳು. ಕೀರ್ತನಾ ಕೈ ಇಳಿಸಲಿಲ್ಲ. ಇಡೀ ಊರು ನೋಡುತ್ತಿತ್ತು. ಅತ್ತೆ ಬಾಯಿ ತೆರೆದಳು.

ಬಹಳ ಹೊತ್ತು ಅದನ್ನು ಬಾಯಲ್ಲೇ ಇಟ್ಟುಕೊಂಡಿದ್ದಳು. ಕಣ್ಣಲ್ಲಿ ನೀರು ಬಂತು. ನುಂಗಿದಳು. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಬೆಲ್ಲ ಕಡಿಮಿ ಐತಿ" ಎಂದಳು.

ನಾಲಿಗೆಯಿಂದ ತುಟಿ ಸವರಿಕೊಂಡಳು.

"ಇಷ್ಟು ವರ್ಷ ಹಿಂಗ ಇತ್ತೇನು?"

ಜೆಲ್ಲಿಯಲ್ಲಿ ಮೂಳೆ ಕಂಡುಹಿಡಿದ ದೈವದವರೆಲ್ಲ ನೆಲ ನೋಡಿದರು. ಚೌಡಣ್ಣ ಡೊಳ್ಳು ನೋಡಿದ.

"ಒಬ್ಬರಾದ್ರೂ ಯಾಕ ಹೇಳಲಿಲ್ಲ?" ಎಂದು ಕೂಗಿದಳು ಅತ್ತೆ. ಸೊಸೆಯ ಕೈಯಿಂದ ದೊನ್ನೆ ಕಿತ್ತುಕೊಂಡು, ಅಲ್ಲೇ ಚಪ್ಪಲಿಗಳ ನಡುವೆ ನಿಂತು, ನಮ್ಮೆಲ್ಲರನ್ನೂ ಬೈಯುತ್ತ, ತಳದವರೆಗೂ ತಿಂದಳು.